ಕುಂಕುಮ ಹಚ್ಚಿದ ಕೈಗವಸು

ಆದೋನಿಯ ಮಿಲ್ಲುಗಳ ರಸ್ತೆಗೆ ಬಸ್ಸು ತಿರುಗುವ ಮೊದಲೇ ನನ್ನ ಗಂಟಲಿಗೆ ಅದು ಗೊತ್ತಾಗುತ್ತದೆ. ಹಾರುವ ಅರಳೆ, ಹತ್ತಿಕಾಳಿನ ಹಿಂಡಿಯ ಕಮಟು, ಬಿಸಿಯೇರಿದ ಬೆಲ್ಟಿನ ರಬ್ಬರಿನ ನಾತ ಎಲ್ಲ ಕೂಡಿ ಮೂಗಿನಿಂದ ಒಳಗಿಳಿದು ಅಲ್ಲೇ ಕೂತುಬಿಡುತ್ತವೆ. ಹೋದ ತಿಂಗಳು ಕರ್ನೂಲಿನಿಂದ ಹೊಳಗುಂದದ ಕಡೆ ಹೊರಟಿದ್ದೆ. ವಾಸನೆ ಬಂದೊಡನೆ ಕಿಟಕಿಯ ಗಾಜು ಎಳೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವ, ಉಸುರು ಕಟ್ಟಾಕತ್ತೈತಿ, ಅದನ್ಯಾಕ ಮುಚ್ತಿ?" ಎಂದಳು. ಧೂಳು ಎಂದೆ. "ಧೂಳೆಲ್ಲೈತಿ? ಹತ್ತಿ ಅದು. ಇದು ಹಾರಿದ್ರ ನಮ್ಗ ನಾಕ್ ದಿನ ಕೂಲಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕಿಟಕಿ ತೆಗೆಯಲೂ ಇಲ್ಲ.

ಅಂಥದೇ ಒಂದು ಹತ್ತಿಯ ಸೀಸನ್ನಿನಲ್ಲಿ ನಾನು ಆದೋನಿಯಲ್ಲಿ ಕೂತು ಒಂದು ವೆಬ್‌ಸೈಟು ಕಟ್ಟಿದೆ. ಬಹಳ ಹಿಂದಿನ ಮಾತಲ್ಲ. ಕಾಲೇಜು ಮುಗಿಸಿ ಒಂದಷ್ಟು ಕಾಲ ಕೆಲಸವಿಲ್ಲದೆ ಊರಲ್ಲಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಕುರಿ ಕಾದವನು, ಅವ್ವ ಶೇಂಗಾ ಹರಿದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಆದೋನಿಯಲ್ಲಿ ಎಲ್ಲವೂ ತೆಲುಗು ಮತ್ತು ಇಂಗ್ಲಿಷು. ಒಂದೇ ಪಾಠವನ್ನು ಮೂರು ಭಾಷೆಯಲ್ಲಿ ಬಾಯಿಪಾಠ ಮಾಡಿ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಯಾರೂ ಕೊಟ್ಟದ್ದಲ್ಲ ಅದು. ಆದರೂ ಆ ದಿನಗಳಲ್ಲಿ ಅವ್ವ ಬಾಗಿಲಲ್ಲಿ ನಿಂತು, "ಕಂಪ್ಯೂಟರ್ ಓದಿದಾಕಿ ಅದಾಳ ನಮ್ಮನ್ಯಾಗ, ಕುರಿ ಎಣಸ್ರಿ ಅಂದ್ರ ಎಣಸ್ತಾಳ" ಎಂದು ನೆರೆಯವರಿಗೆ ಹೇಳುತ್ತಿದ್ದಳು. ಅದು ತಮಾಷೆಯೇ. ಆದರೆ ಸಂಜೆಯ ಹೊತ್ತಿಗೆ ಚುಚ್ಚುತ್ತಿತ್ತು.

ಅಂಥ ಹೊತ್ತಿನಲ್ಲಿ ಈ ಕೆಲಸ ಸಿಕ್ಕಿತು. ಐಟಿಐ, ಪಾಲಿಟೆಕ್ನಿಕ್ ಓದು, ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗುವುದು, ಇವೆಲ್ಲದರ ಬಗ್ಗೆ ಕರ್ನಾಟಕದ ಗಡಿಗೆ ಅಂಟಿದ ನಮ್ಮ ಪಶ್ಚಿಮದ ಮಂಡಲಗಳ ಹುಡುಗ ಹುಡುಗಿಯರಿಗೆ ತಿಳಿಸುವ ಒಂದು ವೆಬ್‌ಸೈಟು ಆಗಬೇಕಿತ್ತು. ಹತ್ತಿ ದಲ್ಲಾಳಿ ಅಂಗಡಿಯೊಂದರ ಮಾಳಿಗೆಯ ಮೇಲೆ ಎರಡು ಕೋಣೆಯ ಆಫೀಸು. ನಮ್ಮ ಸಾರು ಕರ್ನೂಲಿನವರು, ತೆಲುಗರು. ಕೆಟ್ಟವರಲ್ಲ. ಮಧುಮೇಹದ ಮಾತ್ರೆ ನುಂಗುತ್ತ, ಮೇಲಿನವರ ಫೋನು ಬಂದಾಗೆಲ್ಲ ಎದ್ದು ನಿಂತು ಮಾತಾಡುತ್ತಿದ್ದ ಮನುಷ್ಯ. ಟೈಪು ಮಾಡಲು, ಚಹಾ ತರಲು ಇನ್ನಿಬ್ಬರು. ಕನ್ನಡ ಓದಬಲ್ಲವಳು ನಾನೊಬ್ಬಳೇ.

ಮೊದಲ ವಾರವೇ ಜಗಳ. ಸಾರು ಎಲ್ಲಿಂದಲೋ ತಂದಿದ್ದ ಸಿದ್ಧ ಮಾದರಿಯಲ್ಲಿ ಹಳದಿ ಹೆಲ್ಮೆಟ್ಟು ಹಾಕಿದ ಬಿಳಿ ಹುಡುಗನೊಬ್ಬ ಹಲ್ಲು ಬಿಟ್ಟು ನಿಂತಿದ್ದ. ಅವನ ಅಂಗಿಯ ಮೇಲೆ ಒಂದು ಚುಕ್ಕಿ ಮಸಿ ಇರಲಿಲ್ಲ.

"ಸಾರ್, ಇವನನ್ನು ನೋಡಿ ನಮ್ಮ ಊರಿನ ಹುಡುಗರು ಯಾಕೆ ಬರ್ತಾರೆ? ಇದು ಸಿಮೆಂಟಿನ ಜಾಹೀರಾತು ಅಂದ್ಕೊಂಡು ಮುಂದೆ ಹೋಗ್ತಾರೆ" ಎಂದೆ.

"ಮರಿ ಎವರ್ನಿ ಪೆಡ್ತಾವಮ್ಮಾ ಸುಂಕಮ್ಮಾ?" ಎಂದರು. ಹಾಗಾದರೆ ಯಾರನ್ನು ಹಾಕುತ್ತೀಯ ಅಂತ.

"ನಮ್ಮವರನ್ನೇ ಹಾಕ್ತೀನಿ" ಎಂದೆ.

ಕನ್ನಡದ ಪುಟ ಬೇಕು ಎಂದು ಕೇಳಿದಾಗ ಇನ್ನೂ ದೊಡ್ಡ ಜಗಳ ಆಯಿತು. ಆಂಧ್ರದ ಸೈಟಿನಲ್ಲಿ ಕನ್ನಡ ಯಾಕೆ ಎಂದರು. ಹೊಳಗುಂದದ ಕಡೆಯ ಎಷ್ಟೋ ಮನೆಗಳಲ್ಲಿ ಅವ್ವಂದಿರು ಬೈಯುವುದೂ ಕನ್ನಡದಲ್ಲೇ ಸಾರ್, ಹುಡುಗರನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ ಎಂದೆ. ಕೊನೆಗೆ ಬೇಸತ್ತು, ನೀನೇ ಬರೆಯುವುದಾದರೆ ಬರಿ, ನಾನು ನೋಡುವುದಿಲ್ಲ ಎಂದು ಕೈ ಬೀಸಿದರು. ನನಗೆ ಅಷ್ಟು ಸಾಕಿತ್ತು.

ಸೀಸನ್ನಿನ ಮೊದಲ ಹತ್ತಿ ಬಂಡಿಗಳು, ಟ್ರ್ಯಾಕ್ಟರುಗಳು ಊರಿಗೆ ಬರತೊಡಗಿದ್ದವು. ದಸರಾ ಆಗಷ್ಟೇ ಮುಗಿದಿತ್ತು. ಆ ವಾರ ನಾನು ಮಿಲ್ಲುಗಳ ಗೇಟುಗಳಲ್ಲಿ ನಿಂತು ಅಪ್ರೆಂಟಿಸುಗಳನ್ನು ಹುಡುಕಿದೆ. ಹಾಗೆ ಸಿಕ್ಕವನು ಈರಣ್ಣ.

ನಮ್ಮ ಕಡೆ ಈರಣ್ಣ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಉರುಕುಂದದ ದೇವರ ಹೆಸರು, ಮನೆಗೊಬ್ಬ ಇರುತ್ತಾನೆ. ಈ ಈರಣ್ಣ ಹೊಳಗುಂದದ ಆಚೆಯ ಹಳ್ಳಿಯ ಗಾದಿಲಿಂಗಪ್ಪನ ಒಬ್ಬನೇ ಮಗ. ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿ, ಹತ್ತಿ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಅಪ್ರೆಂಟಿಸ್ ಆಗಿದ್ದ. ವರ್ಷ ತುಂಬಿದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಬಂದರೆ ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕುವುದು, ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಕನ್ನಡ ಪುಟಕ್ಕೆ ಬರೆದುದನ್ನು ಮೊದಲು ಅವನಿಗೇ ಓದಿಸಿದೆ. ಅಪ್ರೆಂಟಿಸ್ ಎನ್ನುವುದಕ್ಕೆ ಪುಸ್ತಕದ ಕನ್ನಡದಲ್ಲಿ 'ಶಿಶಿಕ್ಷು' ಎಂದಿದೆ. ನಾನು ಹಾಗೇ ಬರೆದಿದ್ದೆ.

"ಇದೇನಕ್ಕ, ಯಾರೋ ಸೀನಿದಂಗ ಐತಿ" ಎಂದ.

"ಸರ್ಕಾರಿ ಕನ್ನಡಪ್ಪ ಅದು."

"ನಮ್ಮವ್ವಗ ನಾನು ಶಿಶಿಕ್ಷು ಆಗೀನಿ ಅಂದ್ರ ಡಾಕ್ಟ್ರ ಹತ್ರ ಕರ್ಕೊಂಡು ಹೊಕ್ಕಾಳ. ಕೆಲಸ ಮಾಡ್ತಾ ಕೆಲಸ ಕಲಿಯೋದು ಅಂತ ಬರಿಯಕ್ಕ, ಮುಗೀತು."

ಹಾಗೇ ಬರೆದೆ. ಇವತ್ತಿಗೂ ಹಾಗೇ ಇದೆ.

ಫೋಟೊ ತೆಗೆಯಲು ಮಿಲ್ಲಿನ ಒಳಗೆ ಹೋದ ದಿನ ಆಯುಧಪೂಜೆಯ ಗುರುತುಗಳು ಇನ್ನೂ ಅಳಿಸಿರಲಿಲ್ಲ. ಯಂತ್ರಗಳ ಹಣೆಗೆಲ್ಲ ವಿಭೂತಿ ಪಟ್ಟೆ, ಕುಂಕುಮದ ಬೊಟ್ಟು. ಬಾಗಿಲಲ್ಲಿ ಒಣಗಿದ ಕುಂಬಳಕಾಯಿಯ ಚೂರುಗಳು. ಸ್ವಿಚ್ ಬೋರ್ಡುಗಳ ದೊಡ್ಡ ಕಬ್ಬಿಣದ ಪೆಟ್ಟಿಗೆಯ ಮೇಲೂ ಅರಿಸಿನ. ಅಲ್ಲಿ ಈರಣ್ಣನನ್ನು ನಿಲ್ಲಿಸಿದೆ. ಸೂಪರ್‌ವೈಜರ್ ಓಡಿಬಂದು, "ತಡಿರಿ ಮೇಡಂ, ಹಿಂಗ ತೆಗೀಬ್ಯಾಡ್ರಿ" ಎಂದು ಮ್ಯಾನೇಜರ ಕೋಣೆಗೆ ಹೋದ. ಅಲ್ಲಿ ಗಾಜಿನ ಬೀರು ಇತ್ತು. ಅದರ ಬೀಗ ತೆಗೆದು ಒಂದು ಹೆಲ್ಮೆಟ್ಟು, ಒಂದು ಜೊತೆ ದಪ್ಪ ರಬ್ಬರಿನ ಕೈಗವಸು ತಂದ. ಹೆಲ್ಮೆಟ್ಟಿಗೆ ಅಂಗಡಿಯ ಚೀಟಿ ಹಾಗೇ ಅಂಟಿತ್ತು. ಎರಡೂ ಕೈಗವಸಿನ ಮೇಲೆ ಒಂದೊಂದು ಕುಂಕುಮದ ಬೊಟ್ಟು.

"ಇವಕ್ಕೂ ಪೂಜೆ ಮಾಡೀರಾ?" ಎಂದೆ.

"ಆಯುಧ ಅಲ್ಲೇನ್ರಿ ಮತ್ತ? ವರ್ಷಕ್ಕ ಒಂದ್ಸಲ ಬೀರುವಿಂದ ಇಳಸ್ತೀವಿ, ಪೂಜಿ ಮಾಡ್ತೀವಿ, ಏರಸ್ತೀವಿ."

"ಹಾಕ್ಕೊಳ್ಳೋದು ಯಾವಾಗ?"

"ಯಾರರ ನೋಡಾಕ ಬಂದಾಗ" ಎಂದ ಅವನು. ಅದರಲ್ಲಿ ಅವನಿಗೆ ಹೇಳಬಾರದ ಮಾತು ಎನ್ನುವುದೇನೂ ಕಂಡಿರಲಿಲ್ಲ.

ಈರಣ್ಣ ಕೈಗವಸು ತೊಟ್ಟು, ಬೆರಳು ಬಿಚ್ಚಿ ಮುಚ್ಚಿ ನೋಡಿಕೊಂಡ. "ಮದುಮಗನಂಗ ಕಾಣಾಕತ್ತೀನೇನಕ್ಕ?" ಎಂದು ನಕ್ಕ. ಆ ನಗುವೇ ಫೋಟೊ. ಮುಗಿದ ಮೇಲೆ ಸೂಪರ್‌ವೈಜರ್ ಹೆಲ್ಮೆಟ್ಟು, ಕೈಗವಸು ಎರಡನ್ನೂ ಇಸಿದುಕೊಂಡು ಧೂಳು ಕೊಡವಿ ಬೀರುವಿಗೆ ಸೇರಿಸಿದ. ಬೀಗದ ಸದ್ದು ನನಗೆ ಕೇಳಿಸಿತು. ಆಫೀಸಿಗೆ ಬಂದು ಮೊದಲು ಸಾರಿಗೆ ಹೇಳಿದ್ದು ಅದನ್ನೇ. ಈರಣ್ಣನಿಗೆ ದಿನವೂ ಅವನ್ನು ಕೊಡುವುದಿಲ್ಲ ಸಾರ್, ನೀವು ಮಿಲ್ಲಿನವರಿಗೆ ಒಂದು ಮಾತು ಹೇಳಿ ಎಂದೆ. "ಅದಿ ಮನ ಪನಿ ಕಾದಮ್ಮಾ" ಎಂದರು. ನಮ್ಮ ಕೆಲಸವಲ್ಲ. ಕೈಗವಸಿನ ಮೇಲಿನ ಕೆಂಪು ಬೊಟ್ಟುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡು, ಗಾಯವಾದಂತೆ ಕಾಣುತ್ತದೆ ಎಂದರು. ನಾನು ಅಳಿಸಲಿಲ್ಲ.

ಸೈಟಿನ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಬೇಕು. ಅದು ನನ್ನ ಕೈಯ ಕೆಲಸ, ಅದರಲ್ಲಿ ನನಗೆ ಅಭಿಮಾನವಿದೆ. ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ಲು ಎನ್ನುವುದು ನೀರಿನ ಟ್ಯಾಂಕಿನ ಬಳಿ ಒಂದು ಮೂಲೆಯಲ್ಲಿ ಸಿಗುವ ವಸ್ತು. ಪುಟ ಭಾರವಾದರೆ ಯಾರೂ ಕಾಯುವುದಿಲ್ಲ. ಅದಕ್ಕೆ ಪುಟಕ್ಕೊಂದೇ ಫೋಟೊ, ಅದನ್ನೂ ಹಿಂಡಿ ಹಿಂಡಿ ಸಣ್ಣದು ಮಾಡಿದೆ. ದೊಡ್ಡ ಅಕ್ಷರ, ಬೆರಳಿಗೆ ಸಿಗುವ ಗುಂಡಿಗಳು. ಓದಲು ಬಾರದ ಅವ್ವಂದಿರಿಗಾಗಿ ನನ್ನದೇ ದನಿಯಲ್ಲಿ ಓದಿ ಸೇರಿಸಿದೆ. ಸಾರು ಮೂರು ಸಲ ಬಣ್ಣ ಬದಲಿಸಿದರು. ಒಳಗಿನ ಕಟ್ಟಡ ಮಾತ್ರ ನನ್ನದಾಗಿಯೇ ಉಳಿಯಿತು. ಮೊದಲ ಪುಟ ತೆರೆದರೆ ಈರಣ್ಣನ ನಗು.

ಈರಣ್ಣ ಬಿಡುವಾದಾಗ ಮಾಳಿಗೆ ಹತ್ತಿ ಬಂದು ತನ್ನನ್ನು ತಾನು ನೋಡಿಕೊಳ್ಳುತ್ತಿದ್ದ. ಅರಳೆ ಅವನ ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಇರುತ್ತಿತ್ತು. "ಡಿಗ್ರಿಯೋರು ಕುರ್ಚಿ ಬೇಕಂತೀರಿ, ನಾವು ಏಣಿ ಬೇಕಂತೀವಿ. ಕಡೀಗಿ ಇಬ್ರಿಗೂ ಕಾಲು ನೋಯ್ತಾವ" ಎನ್ನುತ್ತಿದ್ದ. ಮಿಲ್ಲು ಹೇಗಿದೆ ಎಂದರೆ, "ಸೀಸನ್ ಅಕ್ಕ. ಸೀಸನ್ನಾಗ ಮೇನ್ ಇಳಸಂಗಿಲ್ಲ ಅಂತಾರ" ಎಂದಿದ್ದ ಒಮ್ಮೆ. ಒಂದು ಕಡೆ ಕರೆಂಟು ಕೆಟ್ಟರೆ ಮೇನ್ ಸ್ವಿಚ್ಚು ಇಳಿಸಿ ರಿಪೇರಿ ಮಾಡಬೇಕು. ಇಳಿಸಿದರೆ ಎಲ್ಲ ಯಂತ್ರವೂ ನಿಲ್ಲುತ್ತದೆ, ಗೇಟಿನಲ್ಲಿ ಹತ್ತಿ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ, ಮ್ಯಾನೇಜರು ಕೂಗುತ್ತಾನೆ. ಹಾಗಾಗಿ ಕರೆಂಟು ಹರಿಯುತ್ತಿರುವಾಗಲೇ ಕೈ ಹಾಕುವುದು ಅಲ್ಲಿನ ರೂಢಿ. ದೊಡ್ಡ ಎಲೆಕ್ಟ್ರಿಷಿಯನ್ನೇ ಹಾಗೆ ಮಾಡುತ್ತಿದ್ದ. ನೋಡಿ ಕಲಿಯಲು ಹೋದವನು ಅದನ್ನೂ ಕಲಿತ. "ನೀನು ಹಾಕಬ್ಯಾಡ" ಎಂದೆ. "ಇಲ್ಲಕ್ಕ, ನಾನು ಬರೀ ಟಾರ್ಚ್ ಹಿಡಿಯಾವ" ಎಂದ.

ಚಳಿ ಶುರುವಾದ ಮೇಲೆ ಒಂದು ದಿನ ಸೈಟನ್ನು ಪರೀಕ್ಷೆಗೆ ಪತ್ತಿಕೊಂಡಕ್ಕೆ ತೆಗೆದುಕೊಂಡು ಹೋದೆ. ಅಲ್ಲಿನ ಕಾಲೇಜಿನಲ್ಲಿ ಹುಡುಗರ ಕೈಗೇ ಫೋನು ಕೊಟ್ಟು, ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದು ನನ್ನ ಕೆಲಸ. ಅವರೆಲ್ಲ ತೆಲುಗಿನವರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಈರಣ್ಣನ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, "ಈ ಅನ್ನ ನಿಜಂಗಾ ಉನ್ನಾಡಾ ಮೇಡಂ, ಲೇಕ ಎಐ ಬೊಮ್ಮಾ?" ಎಂದು ಕೇಳಿದಳು. ಈ ಅಣ್ಣ ನಿಜವಾಗಿ ಇದ್ದಾನಾ, ಅಥವಾ ಕಂಪ್ಯೂಟರು ಮಾಡಿದ ಬೊಂಬೆಯಾ ಅಂತ. ಎಲ್ಲರೂ ನಕ್ಕರು. ಇದ್ದಾನೆ, ಮುಂದಿನ ಸಲ ಕರೆದುಕೊಂಡೇ ಬರುತ್ತೇನೆ, ನೀವೇ ಮುಟ್ಟಿ ನೋಡಿ ಎಂದೆ.

ತಿರುಗಿ ಆದೋನಿಯಲ್ಲಿ ಬಸ್ಸಿಳಿದಾಗ ನಮ್ಮ ಆಫೀಸಿನ ಚಹಾದ ಹುಸೇನಣ್ಣ ನಿಲ್ದಾಣದಲ್ಲೇ ನನಗಾಗಿ ಕಾದಿದ್ದ. ಅವನು ಹಾಗೆ ಎಂದೂ ಬಂದವನಲ್ಲ.

"ಸುಂಕವ್ವ, ಆ ನಮ್ಮ ಫೋಟೋದ ಹುಡುಗ..." ಎಂದು ನಿಲ್ಲಿಸಿದ.

"ಏನಾತು?"

"ಕರೆಂಟ್ ಹೊಡೀತವ್ವ. ದವಾಖಾನಿಗಿ ಒಯ್ದ್ರು. ಅಲ್ಲಿಗಿ ಹೋಗೋ ಹೊತ್ತಿಗೇ ಇರ್ಲಿಲ್ಲಂತ."

ದೊಡ್ಡ ಎಲೆಕ್ಟ್ರಿಷಿಯನ್ ಊಟಕ್ಕೆ ಹೋಗಿದ್ದ. ಒಂದು ಸಾಲಿನ ಯಂತ್ರಗಳು ನಿಂತವು. ಮಿಲ್ಲಿನ ಮೇಲಿನವರು ಯಾರೋ ಕೂಗಿದರು. ಈರಣ್ಣ ಪೆಟ್ಟಿಗೆಯ ಬಾಗಿಲು ತೆರೆದ. ಮೇನ್ ಸ್ವಿಚ್ಚು ಇಳಿಸಿರಲಿಲ್ಲ. ಇಷ್ಟೇ ನನಗೆ ಗೊತ್ತಾದದ್ದು, ಇದಕ್ಕಿಂತ ಹೆಚ್ಚು ಯಾರಿಗೂ ಗೊತ್ತಾಗಲಿಲ್ಲ. ಯಾರೂ ಹೇಳದೆ ಅವನೇ ಹೋಗಿ ಕೈ ಹಾಕಿದ ಎಂದು ಮಿಲ್ಲಿನವರು ಹೇಳಿದರು. ಪತ್ತಿಕೊಂಡದ ಹುಡುಗಿ ಆ ಪ್ರಶ್ನೆ ಕೇಳಿದ್ದು ಎಷ್ಟು ಹೊತ್ತಿಗೆ, ಇದು ನಡೆದದ್ದು ಎಷ್ಟು ಹೊತ್ತಿಗೆ ಎಂದು ನಾನು ತಾಳೆ ಹಾಕಿ ನೋಡಿಲ್ಲ. ನೋಡುವುದೂ ಇಲ್ಲ.

ಮಣ್ಣಿಗೆ ಹೋಗಿದ್ದೆ. ಮದುವೆಯಾಗದವನು. ಅವರ ಮನೆಯಲ್ಲಿ ಅದಕ್ಕೊಂದು ಕಟ್ಟಳೆಯಿದೆ. ಮದುವೆಯಾಗದೆ ಹೋದವರ ಮುಖ ಮನೆಯಲ್ಲಿ ಇರಬಾರದು. ಮುಖವಿದ್ದರೆ ಹೋದವರು ಮತ್ತೆ ಮನೆಗೆ ಬರುತ್ತಾರೆ, ಬಂದವರಿಗೆ ಹಿಂದಿರುಗುವ ದಾರಿ ಸಿಗುವುದಿಲ್ಲ ಎನ್ನುತ್ತಾರೆ. ಗಾದಿಲಿಂಗಪ್ಪ ಮಗನ ಬಟ್ಟೆ, ಐಟಿಐ ಗುರುತಿನ ಚೀಟಿ, ಶಾಲೆಯ ಗುಂಪಿನ ಫೋಟೊ ಎಲ್ಲವನ್ನೂ ಅವನ ಜೊತೆ ಗುಂಡಿಯಲ್ಲಿ ಇಟ್ಟ. ಫೋನನ್ನೂ ಇಟ್ಟ. ತಾಯಿ ಹನುಮಮ್ಮ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ಗಂಡನ ಕೈಯಿಂದ ಆ ಗುಂಪಿನ ಫೋಟೊ ಕಿತ್ತುಕೊಳ್ಳಲು ಹೋದಳು. ಹೆಂಗಸರು ಹಿಡಿದುಕೊಂಡರು.

ಅದಾದ ಮೇಲೆ ಬಂದ ಮೊದಲ ಸಂತೆಯ ದಿನ ಹನುಮಮ್ಮ ನಮ್ಮ ಮಾಳಿಗೆಯ ಮೆಟ್ಟಿಲ ಕೆಳಗೆ ಬಂದು ನಿಂತಿದ್ದಳು. ಕೈಯಲ್ಲಿ ಖಾಲಿ ಚೀಲ.

"ನಮ್ಮ ಹುಡುಗ ಹೇಳಿದ್ದ. ಸುಂಕಕ್ಕನ ಆಫೀಸಿನ್ಯಾಗ ಕಂಪ್ಯೂಟರ್ನಾಗ ನಾನದೀನಿ ಅಂತ. ಐತೇನವ್ವ?"

ಹೆಸರು ಹೇಳುತ್ತಿರಲಿಲ್ಲ ಆಕೆ. ನಮ್ಮ ಹುಡುಗ ಎಂದೇ ಅನ್ನುತ್ತಿದ್ದಳು. ಒಳಗೆ ಕರೆದು ಕೂರಿಸಿ ಪುಟ ತೆರೆದೆ. ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಸೆರಗಿನಿಂದ ಪರದೆಯ ಧೂಳು ಒರೆಸಿದಳು.

"ಇದು ಮನಿ ಅಲ್ಲಲ್ಲ. ಇಲ್ಲಿ ನೋಡಿದ್ರ ತಪ್ಪಿಲ್ಲ" ಎಂದಳು. ನನ್ನನ್ನು ಕೇಳಿದ್ದೋ, ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

"ತಪ್ಪಿಲ್ಲ ಯಮ್ಮಾ."

ಆಮೇಲೆ ಪ್ರತಿ ಸಂತೆಗೂ ಬಂದಳು. ಬರುವಾಗ ಒಂದು ಸಲ ಹಸಿ ಶೇಂಗಾ, ಇನ್ನೊಂದು ಸಲ ಸಜ್ಜೆ ರೊಟ್ಟಿ. ಹುಸೇನಣ್ಣ ಆಕೆಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಮಾಡಿಕೊಡುತ್ತಿದ್ದ. ಸಾರು ಆಕೆ ಬಂದಾಗ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ಸಂತೆಯ ದಿನ ಆಕೆ ಪರದೆಗೆ ಕಣ್ಣು ಹತ್ತಿರ ತಂದು, ಬೆರಳಿಂದ ಆ ಕೆಂಪು ಬೊಟ್ಟುಗಳನ್ನು ತೋರಿಸಿದಳು.

"ಇದೇನು ಕುಂಕುಮ?"

ಆಯುಧಪೂಜೆಯದು ಎಂದೆ.

"ಹಂಗಾರ ಇವು ಮಿಲ್ಲಿನವಾ?"

"ಹೂಂ."

"ಇದ್ದವಲ್ಲ ಮತ್ತ" ಎಂದಳು. ಬೊಟ್ಟಿನ ಮೇಲಿಂದ ಬೆರಳು ತೆಗೆಯದೆ, "ಅವತ್ತು ಎಲ್ಲಿದ್ದವು?"

ಬೀರುವಿನಲ್ಲಿದ್ದವು ಎಂದು ಹೇಳಿದೆ. ಸುಳ್ಳು ಹೇಳಬೇಕು ಅನ್ನಿಸಲಿಲ್ಲ. ಆಕೆ ತಲೆಯಾಡಿಸಿದಳು. ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದು ಹೋದಳು. ಆ ಪ್ರಶ್ನೆಯನ್ನು ಮಿಲ್ಲಿನವರೂ ಕೇಳಿಸಿಕೊಳ್ಳಲಿಲ್ಲ, ಮೇಲಿನ ಆಫೀಸಿನವರೂ ಕೇಳಿಸಿಕೊಳ್ಳಲಿಲ್ಲ. ಊರಿನ ದೊಡ್ಡವರು, ಮಿಲ್ಲಿನ ದೊಡ್ಡವರು ಕೂತು ರಾಜಿ ಮಾತಾಡಿ ಮುಗಿಸಿದ್ದರು.

ಸಂಕ್ರಾಂತಿ ಕಳೆದು, ಸೈಟನ್ನು ದೊಡ್ಡವರೊಬ್ಬರ ಕೈಯಲ್ಲಿ ಉದ್ಘಾಟನೆ ಮಾಡಿಸುವ ದಿನ ನಿಗದಿಯಾಯಿತು. ಆಗ ಮೇಲಿನಿಂದ ಫೋನು ಬಂತು. ಸಾರು ಎದ್ದು ನಿಂತು ಮಾತಾಡಿ, ಕೂತು, ನನ್ನ ಕಡೆ ನೋಡದೆ ಹೇಳಿದರು, ಆ ಫೋಟೊ ಸೈಟಿನಿಂದ ತೆಗೆಯಬೇಕು.

"ಯಾಕೆ ಸಾರ್?"

ಸತ್ತ ಹುಡುಗನ ಫೋಟೊ ನೋಡಿ ಯಾವ ತಾಯಿ ಮಗನನ್ನು ಅಪ್ರೆಂಟಿಸ್ ಮಾಡುತ್ತಾಳೆ ಎಂದರು.

"ಸತ್ತಿದ್ದಾನೆ ಅಂತ ಫೋಟೊ ಹೇಳಲ್ಲ ಸಾರ್. ನಗ್ತಾ ಇದ್ದಾನೆ. ಅವನ ತಾಯಿಗೆ ಅವನನ್ನು ನೋಡೋಕೆ ಇದೊಂದೇ ಜಾಗ ಉಳಿದಿರೋದು" ಎಂದೆ. ಕಟ್ಟಳೆಯ ಬಗ್ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆದರೆ ಅವರ ಗಂಟಲಿನ ಮೇಲೆ ಇನ್ನೊಬ್ಬರ ಕೈ ಇತ್ತು. ಹಾಗಾದರೆ ಒಂದು ಪುಟ ಸೇರಿಸೋಣ ಎಂದೆ. ಏನು ಕೊಡದಿದ್ದರೆ ಕೆಲಸ ಮುಟ್ಟಬಾರದು, ಯಾವಾಗ ಒಲ್ಲೆ ಅನ್ನಬೇಕು, ಅದೆಲ್ಲ ಅದರಲ್ಲಿ ಇರಲಿ ಎಂದೆ.

"ಇದಿ ಪ್ರಚಾರಂ ಸೈಟಮ್ಮಾ. ಭಯಪೆಟ್ಟೇದಿ ಕಾದು" ಎಂದರು. ಪ್ರಚಾರದ್ದು, ಹೆದರಿಸುವುದಲ್ಲ.

ಹೆದರಬೇಕಾದ ಕಡೆ ಹೆದರದೇ ಸತ್ತ ಸಾರ್ ಅವನು ಎಂದೆ. ಅವರು ಮಾತ್ರೆಯ ಡಬ್ಬಿ ತೆರೆದರು. ಮಾತು ಅಲ್ಲಿಗೆ ಮುಗಿಯಿತು.

ಈರಣ್ಣನ ಮುಖವನ್ನು ನಾನೇ ತೆಗೆದೆ. ನಾನು ತೆಗೆಯದಿದ್ದರೆ ಬೇರೆ ಯಾರೋ ತೆಗೆಯುತ್ತಿದ್ದರು. ಹಳದಿ ಹೆಲ್ಮೆಟ್ಟಿನ ಬಿಳಿ ಹುಡುಗ ತೆಲುಗು ಪುಟಕ್ಕೂ ಇಂಗ್ಲಿಷ್ ಪುಟಕ್ಕೂ ಮರಳಿ ಬಂದು ಹಲ್ಲು ಬಿಟ್ಟು ನಿಂತ. ಕನ್ನಡ ಪುಟ ಉಳಿಯಿತು. ಅದನ್ನು ಅಲ್ಲಿ ಯಾರೂ ಓದಲಾರರು, ಓದಿಸಿ ನೋಡುವ ಯೋಚನೆಯೂ ಯಾರಿಗೂ ಬರಲಿಲ್ಲ. ಅಷ್ಟು ದಿನ ನನಗೆ ಅದು ಅವಮಾನ ಅನ್ನಿಸುತ್ತಿತ್ತು. ಆ ವಾರ ಉಪಯೋಗಕ್ಕೆ ಬಂತು.

ಮಿಲ್ಲಿನಲ್ಲಿ ಆ ದಿನ ಹೊರಡುವ ಮುನ್ನ ಸುಮ್ಮನೆ ತೆಗೆದ ಇನ್ನೊಂದು ಫೋಟೊ ನನ್ನಲ್ಲಿತ್ತು. ಕೈಗವಸು ಬೀರುವಿಗೆ ಹೋದ ಮೇಲಿನದು. ಬರೀ ಕೈಗಳು, ಇಕ್ಕಳದಿಂದ ವೈರಿನ ಸಿಪ್ಪೆ ಸುಲಿಯುತ್ತಿರುವ ಬರಿಗೈಗಳು. ಮಣಿಕಟ್ಟಿನಲ್ಲಿ ಕಪ್ಪು ದಾರ. ಮುಖವಿಲ್ಲ. ಕನ್ನಡ ಪುಟದ ನೆತ್ತಿಯ ಮೇಲೆ ಅದನ್ನಿಟ್ಟು ಕೆಳಗೆ ಬರೆದೆ:

"ಕೈಗವಸು ಕೊಡದಿದ್ದರೆ ಕರೆಂಟು ಮುಟ್ಟಬೇಡ. ಮೇನ್ ಇಳಿಸದಿದ್ದರೆ ಮುಟ್ಟಬೇಡ. ಕಲಿಸುವವರು ಪಕ್ಕದಲ್ಲಿ ಇಲ್ಲದಿದ್ದರೆ ಮುಟ್ಟಬೇಡ. ಬೈದರೆ ಬೈಸಿಕೋ. ಮನೆಗೆ ಹೋಗು. ಕೆಲಸ ಇನ್ನೊಂದು ಸಿಗುತ್ತದೆ."

ಮುಂದಿನ ಸಂತೆಗೆ ಹನುಮಮ್ಮ ಬಂದಳು. ಮೊದಲ ಪುಟ ತೆರೆದೊಡನೆ ಬಿಳಿ ಹುಡುಗನನ್ನು ಕಂಡು ನನ್ನ ಮುಖ ನೋಡಿದಳು.

"ತೆಗೆದ್ರಾ?"

"ತೆಗೆದ್ರು ಯಮ್ಮಾ."

ಕನ್ನಡ ಪುಟ ತೆರೆದು ಕೊಟ್ಟೆ. ಕೈಗಳು ಬಂದವು. ಆಕೆ ಪರದೆಯ ಮೇಲೆ ಬೆರಳಿಟ್ಟು, "ಉರುಕುಂದದ ದಾರ ಇದು. ನಾನೇ ಕಟ್ಟಿದ್ದು" ಎಂದಳು. "ಕೆಳಗ ಏನ್ ಬರೆದೀ?"

ಓದಿದೆ.

"ಇನ್ನೊಂದ್ಸಲ ಓದು."

ಮತ್ತೆ ಓದಿದೆ. 'ಮನೆಗೆ ಹೋಗು' ಎನ್ನುವಲ್ಲಿ ಆಕೆಯ ತುಟಿ ನನ್ನ ಜೊತೆ ಅಲ್ಲಾಡಿತು.

"ಇದನ್ನ ಯಾರು ಓದ್ತಾರವ್ವ?"

"ಗೊತ್ತಿಲ್ಲ ಯಮ್ಮಾ." ನಿಜಕ್ಕೂ ಗೊತ್ತಿರಲಿಲ್ಲ. "ಕೈಯಿಂದು ಒಂದು ಪ್ರಿಂಟ್ ಹಾಕಿ ಕೊಡ್ಲಾ? ಮುಖ ಇಲ್ಲಲ್ಲ, ಮನ್ಯಾಗ ಇಟ್ಕೊಬಹುದು."

ಆಕೆ ಪರದೆಯಿಂದ ಬೆರಳು ತೆಗೆದಳು. "ಬ್ಯಾಡ. ಕೈ ಕಂಡ್ರ ನನ್ಗ ಮುಖ ಬರ್ತೈತಿ. ಅವರಪ್ಪಗೂ ಬರ್ತೈತಿ. ಅಂವ ತಡಕಳ್ಳಂಗಿಲ್ಲ."

ಉದ್ಘಾಟನೆ ಆಯಿತು. ದೊಡ್ಡವರು ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು, ಭಾಷಣದಲ್ಲಿ ಮೂರು ಭಾಷೆಯ ಸೈಟು ಎಂದು ಎದೆಯುಬ್ಬಿಸಿ ಹೇಳಿದರು. ಬೇಸಿಗೆಗೆ ನನ್ನ ಕರಾರು ಮುಗಿಯಿತು. ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಕರ್ನೂಲಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಹೊರಟೆ.

ಹೋದ ತಿಂಗಳು ಹೊರಟದ್ದು ಅವರ ಊರಿಗೇ. ಯಾರೂ ಕರೆದಿರಲಿಲ್ಲ. ಹತ್ತಿ ಬಂದಿತ್ತು, ಅದಕ್ಕೇ ಹೊರಟೆ. ಮಧ್ಯಾಹ್ನ ಊರು ಬಣಬಣ ಎನ್ನುತ್ತಿತ್ತು. ಎಷ್ಟೋ ಬಾಗಿಲುಗಳಿಗೆ ಬೀಗ. ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗಿದ್ದರು. ಗಾದಿಲಿಂಗಪ್ಪ ಕಟ್ಟೆಯ ಮೇಲೆ ಕೂತು ಕದಿರಿನಲ್ಲಿ ಕುರಿಯ ಉಣ್ಣೆ ನೂಲುತ್ತಿದ್ದ. ನನ್ನನ್ನು ನೋಡಿ, "ಬಾರವ್ವ" ಎಂದು ಮುಖ ತಿರುಗಿಸಿಕೊಂಡ. ಹನುಮಮ್ಮ ನೀರು ಕೊಟ್ಟಳು, ಆದೋನಿ ಹೆಂಗೈತಿ ಎಂದು ಕೇಳಿದಳು. ಹಾಗೇ ಐತಿ ಎಂದೆ. ಆಮೇಲೆ ತಗ್ಗಿದ ದನಿಯಲ್ಲಿ, "ಅದು ಇನ್ನೂ ಐತೇನು?" ಎಂದಳು.

ಇತ್ತು. ಕರ್ನೂಲಿನಲ್ಲಿ ಆಗಾಗ ತೆರೆದು ನೋಡುತ್ತೇನೆ. ತೆಲುಗು ಪುಟದಲ್ಲಿ ಎಷ್ಟು ಸಲ ಬಣ್ಣ ಬದಲಾಗಿದೆಯೋ, ಯಾರು ಯಾರ ಫೋಟೊ ಬಂದು ಹೋಗಿವೆಯೋ. ಕನ್ನಡ ಪುಟವನ್ನು ಮಾತ್ರ ಯಾರೂ ಮುಟ್ಟಿಲ್ಲ. ಓದಿದ್ದರೆ ತೆಗೆಯುತ್ತಿದ್ದರು.

ಫೋನು ತೆಗೆಯಲು ಹೋದೆ. ಹನುಮಮ್ಮ ನನ್ನ ಕೈ ಹಿಡಿದಳು. "ಇಲ್ಲಿ ಬ್ಯಾಡ. ಹೊಸಲು ದಾಟಿ ಬಾ" ಎಂದು, ಅಂಗಳವನ್ನೂ ದಾಟಿಸಿ, ಓಣಿಯ ಆಚೆ ಬೇವಿನ ಮರದ ಕೆಳಗೆ ಕರೆದೊಯ್ದು ಕೂರಿಸಿದಳು. ಸಿಗ್ನಲ್ಲು ಒಂದು ಗೆರೆ. ನಾನೇ ಹಿಂಡಿ ಹಿಂಡಿ ಸಣ್ಣದು ಮಾಡಿದ್ದ ಫೋಟೊ ಅದು, ಆದರೂ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಇಕ್ಕಳದ ಮೂತಿ, ಆಮೇಲೆ ಉಗುರು. ಅಲ್ಲಿಗೆ ನಿಂತಿತು. ಹನುಮಮ್ಮ ಪರದೆಗೆ ಬಾಗಿ ಕಾಯುತ್ತಿದ್ದಳು.

ಕಟ್ಟೆಯ ಮೇಲೆ ಕದಿರು ತಿರುಗುವ ಸದ್ದು ನಿಂತಿತ್ತು. ಗಾದಿಲಿಂಗಪ್ಪ ಬೆನ್ನು ನಮ್ಮ ಕಡೆ ಮಾಡಿಕೊಂಡೇ ಕೂತಿದ್ದ. ತಿರುಗಿ ನೋಡಲಿಲ್ಲ. ಓಣಿಯ ಆ ದಡದಿಂದ ಅವನ ದನಿ ಮಾತ್ರ ಬಂತು.

"ಬಂತಾ?"

"ಬರಾಕತ್ತೈತಿ" ಎಂದಳು ಹನುಮಮ್ಮ. "ತಡಿ."